ಅವರು ಕಡಲು ಬಿಟ್ಟು ಮನೆಗೆ ಬಂದ ಮಳೆಗಾಲ

ಕಳೆದ ವಾರ ಫೋಂಡಾಕ್ಕೆ ಹೋಗುವಾಗ ನಮ್ಮ ಬಸ್ಸು ಕುಂಡಯಿಯ ಏರಿನಲ್ಲಿ ನಿಂತುಬಿಟ್ಟಿತು. ಮುಂದೆ ಯಾವುದೋ ಲಾರಿ ಕೆಟ್ಟಿತ್ತು. ಮಳೆ ಸಣ್ಣಗೆ ಹಿಡಿದಿತ್ತು. ಸೆಕೆ ತಾಳಲಾರದೆ ಕಿಟಕಿಯ ಗಾಜು ಸರಿಸಿದೆ. ನೆನೆದ ರಟ್ಟಿನ ವಾಸನೆ, ಅದರ ಬೆನ್ನಿಗೇ ಬೆಂದ ಅಂಟಿನ ಹುಳಿ ನಾತ ಒಳಗೆ ಬಂತು. ಪಕ್ಕದಲ್ಲಿ ಕುಳಿತ ಹೆಂಗಸು ಮೂಗಿಗೆ ಸೆರಗು ಹಿಡಿದು, "ಗಾಜ ಹಾಕ್ರಿ ಅಕ್ಕಾರ" ಎಂದಳು. ಹಾಕಿದೆ. ಆದರೆ ಅಷ್ಟರಲ್ಲಿ ಆ ವಾಸನೆ ನನ್ನೊಳಗೆ ಇಳಿದಾಗಿತ್ತು. ಆ ಏರಿನ ಬದಿಗೇ ಇರುವ ರಟ್ಟಿನ ಪೆಟ್ಟಿಗೆಯ ಕಾರ್ಖಾನೆಯಲ್ಲಿ ಏಳು ವರ್ಷ ದುಡಿದವಳು ನಾನು. ಬಿಟ್ಟು ಎರಡು ವರ್ಷವಾಯಿತು. ಈಗ ಪಣಜಿಯ ಒಂದು ಟೇಲರ್ ಅಂಗಡಿಯಲ್ಲಿ ಬ್ಲೌಸಿಗೆ ಹುಕ್ಕು ಹಚ್ಚುತ್ತೇನೆ. ಏಳು ವರ್ಷದಲ್ಲಿ ಎಷ್ಟೋ ಆಗಿಹೋಗಿದೆ. ಆದರೂ ಆ ಹೊತ್ತು ಬಸ್ಸಿನಲ್ಲಿ ನನಗೆ ನೆನಪಾದದ್ದು ಮೂರು ವರ್ಷದ ಹಿಂದಿನ ಒಂದೇ ಒಂದು ಮಳೆಗಾಲ.

ನಾವು ಇರುವುದು ಚಿಂಬಲ್‌ನಲ್ಲಿ. ಒಂದು ಕೋಣೆ, ಮೂಲೆಯಲ್ಲಿ ಒಲೆ, ಮೇಲೆ ತಗಡು, ಎರಡು ಮನೆಗೆ ಒಂದು ಬಚ್ಚಲು. ನನ್ನ ಗಂಡ ಯಮನಪ್ಪ ಬಾದಾಮಿ ಕಡೆಯವರು, ನಾನೂ ಅಲ್ಲಿಯವಳೇ. ನಮ್ಮ ಕಡೆಯ ಗಂಡಸರು ಗೋವಾಕ್ಕೆ ಬಂದರೆ ಗಾರೆ ಕೆಲಸಕ್ಕೆ ಹೋಗುತ್ತಾರೆ, ಇಲ್ಲವೆ ಕಾರ್ಖಾನೆಗೆ. ಇವರು ಮಾತ್ರ ಯಾರದೋ ಬೆನ್ನು ಹತ್ತಿ ಹೋಗಿ ಮಾಲಿಂ ಜೆಟ್ಟಿಯಲ್ಲಿ ಮೀನು ಹಿಡಿಯುವ ಟ್ರಾಲರ್ ಏರಿದರು. ಕರಿಮಣ್ಣಿನ ಹೊಲದಲ್ಲಿ ಬೆಳೆದವರು, ಈಜು ಬರುತ್ತಿರಲಿಲ್ಲ. ಕೇಳಿದರೆ, "ದೋಣಿಗೆ ಬರ್ತದಲ್ಲ, ಸಾಕು" ಎಂದು ನಗುತ್ತಿದ್ದರು. ಒಂದು ಸಲ ಹೋದರೆ ಹತ್ತು ಹನ್ನೆರಡು ದಿನ ಕಡಲಲ್ಲಿ. ಬಂದು ಒಂದೂವರೆ ದಿನ ಮನೆಯಲ್ಲಿದ್ದು ಮತ್ತೆ ಹೊರಡುವುದು. ಮಳೆಗಾಲದ ಎರಡು ತಿಂಗಳು ಮೀನುಗಾರಿಕೆ ಬಂದ್ ಇರುತ್ತದಲ್ಲ, ಆಗ ಊರಿಗೆ ಹೋಗಿ ಅಣ್ಣನ ಹೊಲದ ಬಿತ್ತನೆಗೆ ಕೈಹಾಕುತ್ತಿದ್ದರು. ನನಗೆ ಇಲ್ಲಿಯ ಕೆಲಸ ಬಿಟ್ಟು ಹೋಗಲು ಆಗುತ್ತಿರಲಿಲ್ಲ. ಹೀಗೆ ಒಂಬತ್ತು ವರ್ಷ. ನಾವಿಬ್ಬರೂ ಒಂದೇ ಸೂರಿನಡಿ ಕಳೆದ ದಿನಗಳನ್ನೆಲ್ಲ ಸೇರಿಸಿದರೆ ಒಂದು ವರ್ಷ ತುಂಬುತ್ತಿತ್ತೋ ಇಲ್ಲವೋ.

ಕೇಳಿದವರು ಅಯ್ಯೋ ಅನ್ನುತ್ತಿದ್ದರು. ನನಗೇನೂ ಹಾಗೆ ಅನ್ನಿಸಿರಲಿಲ್ಲ. ಅವರು ಬರುವ ದಿನ ನಾನು ತಲೆಗೆ ನೀರು ಹಾಕಿಕೊಂಡು, ಖಾರ ಅರೆದಿಟ್ಟು ಕಾಯುತ್ತಿದ್ದೆ. ಅವರು ಬಂಗಡೆಯೋ ತಾರಲೆಯೋ ಮೀನು ಹಿಡಿದು ಬರುತ್ತಿದ್ದರು. ಉಂಡು ಮಲಗಿ ಎದ್ದು ಮಾತಾಡಿ ಮುಗಿಯುವುದರೊಳಗೆ ಹೊರಡುವ ಹೊತ್ತಾಗುತ್ತಿತ್ತು. ಜಗಳವಾಡಲಿಕ್ಕೂ ಪುರಸೊತ್ತಿರಲಿಲ್ಲ. ಅವರು ಹೋದ ಮೇಲೆ ಒಂದು ದಿನ ಮನೆ ಖಾಲಿ ಅನ್ನಿಸುವುದು. ಮರುದಿನ ಅದು ನನ್ನ ಮನೆಯಾಗುತ್ತಿತ್ತು.

ನನ್ನದೊಂದು ಗುಟ್ಟಿನ ರೂಢಿಯೂ ಇತ್ತು. ಸಂಜೆ ಕಂಪನಿಯ ಬಸ್ಸು ನಮ್ಮನ್ನು ಚಿಂಬಲ್‌ ತನಕ ಬಿಡುತ್ತಿತ್ತು. ನಾನು ವಾರಕ್ಕೆ ಎರಡು ಮೂರು ದಿನ ಹಳೆ ಗೋವಾದಲ್ಲೇ ಇಳಿದು, ದಿವಾಡಿ ದ್ವೀಪಕ್ಕೆ ಹೋಗುವ ಫೆರಿಯ ಕಟ್ಟೆಗೆ ನಡೆದು ಹೋಗುತ್ತಿದ್ದೆ. ಅಲ್ಲೊಬ್ಬ ಗಾಡಿಯಲ್ಲಿ ಚಹಾ ಮಾರುತ್ತಿದ್ದ. ಚಹಾ ಹಿಡಿದು ಕಟ್ಟೆಯ ಮೇಲೆ ಕೂರುವುದು. ಫೆರಿ ಆ ದಡಕ್ಕೆ ಹೋಗಿ ಈ ದಡಕ್ಕೆ ಬರುವಷ್ಟು ಹೊತ್ತು. ಇಪ್ಪತ್ತು ನಿಮಿಷ ಇರಬಹುದು. ಏನೂ ದೊಡ್ಡ ಯೋಚನೆ ಮಾಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ಯಾರೂ ನನ್ನನ್ನು ಕರೆಯುತ್ತಿರಲಿಲ್ಲ, ಯಾರೂ ನನ್ನಿಂದ ಏನೂ ಕೇಳುತ್ತಿರಲಿಲ್ಲ. ಅಷ್ಟೇ. ಆಮೇಲೆ ಎದ್ದು ಇನ್ನೊಂದು ಬಸ್ಸು ಹಿಡಿದು ಮನೆಗೆ ಬಂದು, ಪಕ್ಕದ ಮನೆಯ ಕಸ್ತೂರೆವ್ವನ ಹತ್ತಿರ ಬಿಟ್ಟಿದ್ದ ಮಗಳನ್ನು ಕರೆದುಕೊಳ್ಳುತ್ತಿದ್ದೆ.

ಆ ವರ್ಷ ಮೇ ತಿಂಗಳ ನಡುವೆ, ಬಂದ್‌ಗೆ ಇನ್ನೂ ಹದಿನೈದು ದಿನ ಇರುವಾಗಲೇ, ಒಂದು ಭಾನುವಾರ ಮಧ್ಯಾಹ್ನ ಅವರು ಚೀಲ ಹೊತ್ತು ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಮೀನಿರಲಿಲ್ಲ.

"ಈ ಸಲ ಲಗೂನ ಬಂದ್ರಿ?" ಎಂದೆ.

"ಇನ್ನ ಹೋಗೂದಿಲ್ಲ ನೀಲಾ. ಬ್ಯಾಸರಾತು."

ಅಷ್ಟೇ ಹೇಳಿದರು. ನಾನು ಹೆಚ್ಚಿಗೆ ಕೇಳಲಿಲ್ಲ. ಒಂಬತ್ತು ವರ್ಷ ಉಪ್ಪುನೀರಲ್ಲಿ ನೆನೆದ ಮನುಷ್ಯ, ಬೇಸರವಾಗದೆ ಇರುತ್ತದೆಯೇ ಎಂದುಕೊಂಡೆ. ಒಳಗೊಳಗೆ ಸಂತೋಷವೂ ಆಯಿತು, ಸುಳ್ಳೇಕೆ ಹೇಳಲಿ. ನಾನೇ ಸೂಪರ್‌ವೈಸರ್ ಹತ್ತಿರ ಹೋಗಿ ಮಾತಾಡಿದೆ. ದಯಾನಂದ ಬಾಬ ಎಂದು ಕರೆಯುತ್ತಿದ್ದ ಅವನು ಗೋವಾದವನೇ, ಒಳ್ಳೆಯವನು. ಜೂನ್ ಒಂದರಿಂದ ಅವರನ್ನು ಪಿನ್ನು ಹೊಡೆಯುವ ಯಂತ್ರಕ್ಕೆ ಹಾಕಿಕೊಂಡ. ನಾನು ಅಂಟು ಹಚ್ಚುವ ಮೇಜಿನಲ್ಲಿ, ಅವರು ನನಗೆ ಎದುರಾಗಿ ಹತ್ತು ಹೆಜ್ಜೆ ದೂರದ ಯಂತ್ರದಲ್ಲಿ.

"ಪುಣ್ಯಾ ಮಾಡೀದಿ ನೀಲವ್ವಾ," ಎಂದಳು ಕಸ್ತೂರೆವ್ವ. "ನನ್ನ ಗಂಡ ಎಲ್ಲಿ ಹೊಕ್ಕಾನೋ ಯಾವಾಗ ಬರ್ತಾನೋ ಆ ದೇವರಿಗೇ ಗೊತ್ತು. ನಿನ್ನ ಗಂಡ ನಿನ್ನ ನೆರಳಾಗ್ಯಾನ ನೋಡು."

ಮೊದಲ ಎಂಟು ದಿನ ನನಗೂ ಹಬ್ಬದಂತೆಯೇ ಇತ್ತು. ನಮ್ಮ ಮಗಳು ಸಂಗೀತಾಳಿಗೆ ಆಗ ಎಂಟು ವರ್ಷ. ಒಂದು ಸಂಜೆ ಅಪ್ಪನ ತೊಡೆಯ ಮೇಲೆ ಕುಳಿತು ಕೇಳಿದಳು, "ಅಪ್ಪಾ, ನೀ ಮತ್ತ ಯಾವಾಗ ಹೋಗಾಂವ?" ಬಂದ ನೆಂಟನನ್ನು ಕೇಳುವ ಹಾಗೆ. ಅವರ ಮುಖ ಸಣ್ಣಗಾಯಿತು. "ಹೋಗೂದಿಲ್ಲವ್ವಾ, ಇಲ್ಲೇ ಇರ್ತೀನಿ" ಎಂದರು. ಆ ಹುಡುಗಿ ನನ್ನ ಕಡೆ ನೋಡಿದಳು, ಇದು ಖರೆ ಹೌದೋ ಅಲ್ಲವೋ ಎಂದು ಕೇಳುವವಳ ಹಾಗೆ.

ಅವರು ನಿಜವಾಗಿಯೂ ನೆರಳಾದರು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು. ಊಟಕ್ಕೆ ಒಂದೇ ಡಬ್ಬಿ. ಹೆಂಗಸರು ನಾವು ನಾಲ್ಕೈದು ಜನ ಗೋಡೆಗೆ ಬೆನ್ನು ಹಚ್ಚಿ ಕುಳಿತು ಉಣ್ಣುತ್ತಿದ್ದೆವು. ಅವರು ಬಂದು ನನ್ನ ಬದಿಗೆ ಕುಳಿತ ಮೇಲೆ ಮಾತು ಬಿಗಿಯಾಗಿ, ಒಬ್ಬೊಬ್ಬರೇ ಬೇರೆ ಕಡೆ ಸರಿದರು. ನಳಕ್ಕೆ ನೀರಿಗೆ ಹೋದರೆ ಕೊಡ ಹಿಡಿದು ಹಿಂದೆ ಬಂದರು. ನಾನು ಬಚ್ಚಲಲ್ಲಿದ್ದರೆ ಹೊರಗೆ ಕಲ್ಲಿನ ಮೇಲೆ ಕುಳಿತು ಮಾತಾಡುತ್ತಿದ್ದರು. ನಾನು ಉತ್ತರ ಕೊಡದಿದ್ದರೆ, "ನೀಲಾ, ನೀಲಾ, ಅದೀಯಿಲ್ಲೊ?" ಎಂದು ಬಾಗಿಲು ಬಡಿಯುತ್ತಿದ್ದರು. ಒಂದು ದಿನ ನಾನು ರೇಗಿ, "ಎಲ್ಲಿ ಹೊಕ್ಕೀನ್ರಿ ಈ ಬಚ್ಚಲದಾಗಿಂದ? ಮೋರಿಯಾಗ ಹರದು ಹೊಕ್ಕೀನೇನು?" ಎಂದೆ. ಮಾತು ನಗೆಯಾಗಿ ಮುಗಿಯಬೇಕಿತ್ತು. ಅವರು ಎದ್ದು ಒಳಗೆ ಹೋದರು.

ಜೂನ್ ಕೊನೆಯ ಹೊತ್ತಿಗೆ ಮಳೆ ಎಡೆಬಿಡದೆ ಹಿಡಿಯಿತು. ತಗಡಿನ ಮೇಲೆ ಬೀಳುವ ಮಳೆಯ ಸಪ್ಪಳದಲ್ಲಿ ಅವರು ದನಿ ಎತ್ತರಿಸಿ ಮಾತಾಡುವರು, ನಾನು ದನಿ ಎತ್ತರಿಸಿ ಉತ್ತರ ಕೊಡಬೇಕು. ಹಗ್ಗದ ಮೇಲೆ ಒಣಗದ ಬಟ್ಟೆ, ಅದರಡಿಯಲ್ಲಿ ನಾವು ಮೂವರು. ನನ್ನ ಎದೆಯ ಮೇಲೆ ಯಾರೋ ಕುಳಿತ ಹಾಗಾಗುತ್ತಿತ್ತು. ಒಂದು ಸಂಜೆ ತಾಳಲಾರದೆ ಹಳೆ ಗೋವಾದಲ್ಲಿ ಇಳಿಯಲು ಎದ್ದೆ. ಅವರೂ ಎದ್ದರು.

"ಎಲ್ಲಿಗಿ?"

"ಇಲ್ಲೇ, ಫೆರಿ ತನಕ. ಚಹಾ ಕುಡದು ಬರ್ತೀನಿ."

"ನಡಿ, ನಾನೂ ಬರ್ತೀನಿ."

ಕಟ್ಟೆಯ ತನಕ ಬಂದರು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ನಾನು ಎಂದಿನ ಜಾಗದಲ್ಲಿ ಕುಳಿತೆ. ಅವರು ಕೂರಲಿಲ್ಲ. ಹೊಳೆಗೆ ಬೆನ್ನು ಹಾಕಿ, ರಸ್ತೆ ಕಡೆ ಮುಖ ಮಾಡಿ, ಚಹಾದ ಲೋಟ ಹಿಡಿದು ನಿಂತರು. ಅರ್ಧ ಚಹಾ ಚೆಲ್ಲಿ, "ಏಳು, ಹೋಗೂಣು. ಇಲ್ಲಿ ಇನ್ನ ಇಳಿಯೂದು ಬ್ಯಾಡ" ಎಂದರು.

"ಯಾಕ್ರಿ?"

"ಬ್ಯಾಡಂದ್ರ ಬ್ಯಾಡ."

ನನಗಿದ್ದದ್ದು ಅದೊಂದೇ ಜಾಗ. ಅದನ್ನೂ ಕಸಿದುಕೊಂಡರು ಎಂದು ನನಗೆ ಎಂಥ ಸಿಟ್ಟು ಬಂತೆಂದರೆ, ಮನೆ ಮುಟ್ಟುವ ತನಕ ಅವರ ಕಡೆ ನೋಡಲಿಲ್ಲ. ನೀರಿಗೆ ಯಾಕೆ ಬೆನ್ನು ಹಾಕಿದರು ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ಆ ಕಡೆಯಿಂದ ಮಳೆಯ ಎರಚಲು ಬಡಿಯುತ್ತಿತ್ತು, ಅದಕ್ಕೇ ಇರಬೇಕು ಎಂದುಕೊಂಡೆ.

ಮುಂದಿನ ವಾರ ಅವರಿಗೆ ತಿಳಿಯದ ಹಾಗೆ ದಯಾನಂದ ಬಾಬನ ಹತ್ತಿರ ಹೋದೆ. ಬೆಳಗಿನ ಆರರಿಂದ ಎರಡರ ಪಾಳಿಗೆ ನನ್ನನ್ನು ಹಾಕಿರಿ ಎಂದು ಕೇಳಿದೆ. ಮಗಳ ಶಾಲೆ ಮಧ್ಯಾಹ್ನವೇ ಬಿಡುತ್ತದೆ, ಲಗೂನೆ ಮನೆಗೆ ಹೋಗಬೇಕು ಎಂದು ನೆವ ಹೇಳಿದೆ. ಅವನು ಆಗಲಿ ಎಂದ. ಆದರೆ ಮರುದಿನ ಊಟದ ಹೊತ್ತಿಗೆ ಎಲ್ಲರ ಎದುರೇ ನಗುತ್ತ ಕೇಳಿಬಿಟ್ಟ, "ಕಿತೆಂ ರೇ ಯಮನಪ್ಪಾ, ಘರ್ ಮೇ ಝಗಡಾ ಹುವಾ ಕ್ಯಾ? ತೇರಿ ಬೀವಿ ಅಲಗ್ ಶಿಫ್ಟ್ ಮಾಂಗ್ ರಹೀ ಹೈ."

ನಾನು ಬೇರೆ ಪಾಳಿ ಕೇಳಿದ್ದು, ಮನೆಯಲ್ಲಿ ಜಗಳವೇ ಎಂಬ ಅವನ ತಮಾಷೆ, ಎಲ್ಲರ ಕಿವಿಗೂ ಬಿತ್ತು. ಯಾರೋ ನಕ್ಕರು. ಅವರು ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಡಬ್ಬಿಗೆ ಹಾಕಿ, ಡಬ್ಬಿ ಮುಚ್ಚಿದರು.

ಸಂಜೆ ಬಸ್ಸಿನಲ್ಲಿ ಆಗಲೂ ನನ್ನ ಪಕ್ಕದಲ್ಲೇ ಕುಳಿತರು. ಮನೆಗೆ ಬಂದ ಮೇಲೆ ಸಂಗೀತಾಳನ್ನು ಕಸ್ತೂರೆವ್ವನ ಮನೆಗೆ ಕಳಿಸಿ, ಬಾಗಿಲು ಹಾಕಿ ಕೇಳಿದರು.

"ನನ್ನ ಮಾರಿ ನೋಡಾಕ ಆಗವಲ್ದೇನ ನಿನಗ?"

"ಹಂಗಲ್ರಿ."

"ಮತ್ತ ಹೆಂಗ? ಫೆರಿ ಕಟ್ಟಿಗಿ ಯಾರನ್ನ ನೋಡಾಕ ಹೊಕ್ಕಿದ್ದಿ? ಯಾರ ಅದಾರ ಹೇಳು."

ಆ ಮಾತು ಬರುತ್ತದೆ ಎಂದು ನನಗೆ ಗೊತ್ತಿತ್ತು. "ಯಾರೂ ಇಲ್ರಿ," ಎಂದೆ. "ಯಾರೂ ಇರಬಾರದು ಅಂತನ ಹೊಕ್ಕಿದ್ದೆ. ದಿನಕ್ಕ ಒಂದು ತಾಸರ ಯಾರೂ ನನ್ನ ನೋಡಬಾರದು, ಮಾತಾಡಸಬಾರದು. ಸುಮ್ನ ಇರಬೇಕು ಅನಸ್ತೈತಿ. ಒಂದೀಟು ನನ್ನ ಪಾಡಿಗೆ ನನ್ನ ಬಿಡ್ರಿ."

ಕೊನೆಯ ಮಾತಿಗೆ ಅವರ ಮುಖದ ಬಣ್ಣವೇ ಹೋಯಿತು. ಹೊಡೆಯುತ್ತಾರೆ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಹೊಡೆಯಲಿಲ್ಲ. ಬಾಗಿಲು ತೆಗೆದು ಹೊರಗೆ ಕಾಲಿಟ್ಟರು. ಸಿಟ್ಟಾದ ಗಂಡಸು ಹೊರಗೆ ಹೋದರೆ ಎಲ್ಲಿಗಾದರೂ ಹೋಗುತ್ತಾನೆ, ಹೆಂಡದ ಅಂಗಡಿಗೋ ಗೆಳೆಯರ ಕಡೆಗೋ. ಇವರು ಹೊಸ್ತಿಲ ಹೊರಗೆ ಎರಡೇ ಹೆಜ್ಜೆ ಹೋಗಿ ಮಳೆಯಲ್ಲಿ ನಿಂತರು. ಅಲ್ಲಿಂದ ಮುಂದೆ ಹೋಗಲಿಲ್ಲ. ನನ್ನನ್ನು ಕಾಯಲಿಕ್ಕೆ ನಿಂತಿದ್ದಾರೆ ಎಂದು ನಾನು ತಿಳಿದೆ.

ಜುಲೈ ನಡುವೆ ನನ್ನ ಪಾಳಿ ಬದಲಾಯಿತು. ಮೇಜೂ ಹಿಂದಿನ ಶೆಡ್ಡಿಗೆ ಹೋಯಿತು, ಅಲ್ಲಿಂದ ಅವರ ಯಂತ್ರ ಕಾಣುತ್ತಿರಲಿಲ್ಲ. ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಮನೆಗೆ ಬರುತ್ತಿದ್ದೆ. ಸಂಗೀತಾ ಶಾಲೆಯಿಂದ ಬಂದು ಕಸ್ತೂರೆವ್ವನ ಮನೆಯಲ್ಲಿ ಉಂಡು ಮಲಗಿರುತ್ತಿದ್ದಳು, ನಾಲ್ಕರ ತನಕ ಏಳುತ್ತಿರಲಿಲ್ಲ. ಆ ಒಂದು ತಾಸು ನನ್ನದು. ಬಾಗಿಲು ಮುಂದೆ ಮಾಡಿ, ಲೈಟು ಹಾಕದೆ, ಚಾಪೆಯ ಮೇಲೆ ಕಾಲು ಚಾಚಿ ಕುಳಿತು ತಣ್ಣನೆಯ ಅನ್ನಕ್ಕೆ ಮೊಸರು ಕಲಸಿ ಉಣ್ಣುತ್ತಿದ್ದೆ. ಒಂದೊಂದು ದಿನ ಉಣ್ಣದೆ ಸುಮ್ಮನೆ ಗೋಡೆ ನೋಡುತ್ತಿದ್ದೆ. ಎದೆಯ ಮೇಲಿನ ಭಾರ ಇಳಿಯಿತು. ಸಂಜೆ ಅವರು ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತು ಕಾಯಬೇಕು ಅನ್ನಿಸುತ್ತಿತ್ತು, ಹಿಂದೆ ಕಾಯುತ್ತಿದ್ದ ಹಾಗೆ. ಅವರು ಮಾತ್ರ ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದರು. ಕೆನ್ನೆ ಒಳಗೆ ಸರಿಯಿತು. ಕೇಳಿದರೆ, "ಏನಿಲ್ಲ, ಮಿಷಿನ್ ಕೆಲಸ ರೂಢಿ ಇಲ್ಲ" ಎನ್ನುತ್ತಿದ್ದರು. ಸಿಟ್ಟು ಇನ್ನೂ ಇಳಿದಿಲ್ಲ, ಮಾಡಿಕೊಳ್ಳಲಿ ಎಂದು ನಾನೂ ಬಿಗಿಯಾಗಿದ್ದೆ.

ಆಗಸ್ಟಿನಲ್ಲಿ ದೋಣಿಗಳು ಮತ್ತೆ ಕಡಲಿಗಿಳಿದವು. ಒಂದು ಮಧ್ಯಾಹ್ನ, ನನ್ನ ಆ ಒಂದು ತಾಸಿನಲ್ಲೇ, ಬಾಗಿಲು ಬಡಿದ ಸಪ್ಪಳವಾಯಿತು. ತೆಗೆದರೆ ಹನಮಂತ. ಇವರ ಜೊತೆ ಅದೇ ಟ್ರಾಲರ್‌ನಲ್ಲಿದ್ದವನು, ಹುನಗುಂದದ ಕಡೆಯವನು.

"ವೈನಿ, ಯಮನಪ್ಪಣ್ಣ ಹೆಂಗದಾನ್ರಿ?"

"ಕಂಪನಿಗೆ ಹೋಗ್ಯಾರ. ಐದೂವರಿಗೆ ಬರ್ತಾರ. ಯಾಕಪ್ಪಾ?"

ಅವನು ತಲೆ ಕೆರೆದುಕೊಂಡ. "ಕಂಪನಿಗೆಲ್ಲಿ ವೈನಿ. ಈಗ ಪಣಜಿ ಬಸ್‌ಸ್ಟ್ಯಾಂಡಿನ್ಯಾಗ ನೋಡೇ ಬಂದೀನಿ. ನಿನ್ನೆನೂ ಅಲ್ಲೇ ಇದ್ದ, ಮೊನ್ನೆನೂ. ಮುಂಜಾನಿಂದ ಸಂಜೀತನ ಒಂದಽ ಕಟ್ಟಿ ಮ್ಯಾಲ ಕುಂತಿರ್ತಾನ. ಮಾತಾಡಸಾಕ ಹ್ವಾದ್ರ ಎದ್ದು ಮಂದ್ಯಾಗ ಹೊಕ್ಕಾನ. ಅದಕ್ಕ ಮನಿಗೇ ಬಂದೆ. ಆ ಗೋಬಿಂದನ್ನ ಇನ್ನೂ ಮನಸಿಗಿ ಹಚ್ಕೊಂಡಾನೇನ್ರಿ?"

"ಯಾವ ಗೋಬಿಂದ?"

ಹನಮಂತ ಹೊಸ್ತಿಲಿಗೆ ಹತ್ತಿರ ಬಂದ. "ನಿಮಗ ಹೇಳಿಲ್ಲೇನ್ ವೈನಿ?"

ಗೋಬಿಂದ ಒಡಿಶಾದವನು, ಇವರ ವಯಸ್ಸಿನವನೇ, ಮೂರು ವರ್ಷದಿಂದ ಇವರ ಜೊತೆಗಿದ್ದವನು. ಮೇ ತಿಂಗಳಲ್ಲಿ ಒಂದು ಬೆಳಗಿನ ಜಾವ ದೋಣಿಯ ಹಿಂಬದಿಯಿಂದ ನೀರಿಗೆ ಬಿದ್ದ. ಯಾರೂ ನೋಡಲಿಲ್ಲ. ಮಧ್ಯಾಹ್ನದ ತನಕ ಹುಡುಕಿದರು. ಬೇರೆ ದೋಣಿಗಳೂ ಬಂದು ಹುಡುಕಿದವು. ಸಿಗಲಿಲ್ಲ. ಇವಿಷ್ಟನ್ನೂ ಹನಮಂತ ಹೊಸ್ತಿಲಲ್ಲಿ ನಿಂತೇ ಹೇಳಿದ. ಚಹಾ ಕುಡಿ ಎಂದರೂ ಕುಡಿಯದೆ ಹೋದ.

ನಾನು ಚಪ್ಪಲಿ ಮೆಟ್ಟಿ ಹಾಗೇ ಹೊರಟೆ. ಪಣಜಿ ಬಸ್‌ಸ್ಟ್ಯಾಂಡಿನಲ್ಲಿ ಅವರು ಹುಬ್ಬಳ್ಳಿ ಬಸ್ಸು ನಿಲ್ಲುವ ಕಡೆ, ಎಲ್ಲಕ್ಕಿಂತ ಹೆಚ್ಚು ಜನ ಇರುವ ಕಡೆ, ಕಟ್ಟೆಯ ಮೇಲೆ ಮುದುಡಿ ಕುಳಿತಿದ್ದರು. ತೊಡೆಯ ಮೇಲೆ ಡಬ್ಬಿ. ನಾನು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕಟ್ಟಿಟ್ಟ ಡಬ್ಬಿ. ಹೋಗಿ ಪಕ್ಕದಲ್ಲಿ ಕುಳಿತೆ. ಅವರು ಬೆಚ್ಚಲಿಲ್ಲ, ಓಡಲೂ ಇಲ್ಲ.

"ಹನಮಂತ ಬಂದಿದ್ದ," ಎಂದೆ.

ಬಸ್ಸುಗಳು ಬಂದವು, ಹೋದವು. ಆಮೇಲೆ ನೆಲ ನೋಡುತ್ತ ಹೇಳಿದರು.

"ಭಾಳ ಮಾತಾಡಾಂವ ಅಂವ. ಮುಂಜಾನಿ ಎದ್ರ ಮಾತು, ಮಲಗೂತನ ಮಾತು. ಅಂವನ ಹೇಣ್ತಿ, ಅಂವನ ಎಮ್ಮಿ, ಅಂವನ ಊರು. ಎಂಟು ಮಂದಿ ಇರೂ ದೋಣ್ಯಾಗ ಎಲ್ಲಿ ಹೋಗ್ತೀ? ನಾ ಎಲ್ಲಿ ಹ್ವಾದ್ರೂ ಬೆನ್ನ ಹತ್ತಿ ಬರಾಂವ. ಅವತ್ತು ಬಲೆ ಎಳದು ದಣದಿದ್ದೆ. ಮುಂದ ಒಬ್ಬಾಂವನ ಕುಂತಿದ್ದೆ. ಬಂದ, ಸುರು ಮಾಡಿದ. ನನಗ ತಲಿ ಕೆಟ್ಟಿತು. 'ಅರೇ, ಹಿಂದ ಹೋಗಿ ಕುಂದ್ರೊ ಮಾರಾಯಾ, ಒಂದೀಟು ನನ್ನ ಪಾಡಿಗೆ ನನ್ನ ಬಿಡು' ಅಂದೆ."

ತೊಡೆಯ ಮೇಲಿನ ಡಬ್ಬಿಯನ್ನು ಎತ್ತಿ ಪಕ್ಕಕ್ಕಿಟ್ಟರು.

"ಹ್ವಾದ. ನಕ್ಕೋತನ ಹ್ವಾದ. ನಾ ಅರ್ಧಾ ತಾಸು ಆರಾಮ ಕುಂತಿದ್ದೆ ನೀಲಾ. ಎಷ್ಟ ಶಾಂತ ಐತಿ ಅನಕೋತ ಕುಂತಿದ್ದೆ. ಹೊಳ್ಳಿ ನೋಡಿದ್ರ ಹಿಂದ ಯಾರೂ ಇಲ್ಲ."

ಕಂಡಕ್ಟರ್ ಒಬ್ಬ ಹುಬ್ಬಳ್ಳಿ ಹುಬ್ಬಳ್ಳಿ ಎಂದು ಕೂಗುತ್ತಿದ್ದ. ನಾನು ಅವರ ಕೈ ಹಿಡಿದುಕೊಂಡೆ, ಅಷ್ಟು ಜನರ ನಡುವೆ. ಹಿಂದೆಂದೂ ಹಾಗೆ ಹಿಡಿದವಳಲ್ಲ. ನಾನು ಅದೇ ಮಾತನ್ನು ಅವರಿಗೆ ಹೇಳಿದ್ದೆ. ಗೊತ್ತಿಲ್ಲದೆ, ಅದೇ ಮಾತು.

ಅಲ್ಲಿಗೆ ಎಲ್ಲ ಸರಿಯಾಯಿತು ಎಂದು ಬರೆಯುವ ಆಸೆ ನನಗೂ ಇದೆ. ಆಗಲಿಲ್ಲ. ಮರುದಿನವೇ ದಯಾನಂದ ಬಾಬನ ಕಾಲು ಹಿಡಿದ ಹಾಗೆ ಮಾಡಿ, ಅವರ ಕೆಲಸ ಉಳಿಸಿ, ನನ್ನನ್ನು ಮತ್ತೆ ಅವರ ಪಾಳಿಗೆ ಹಾಕಿಸಿಕೊಂಡೆ. ಈ ಮನುಷ್ಯನನ್ನು ಇನ್ನು ಒಂದು ಗಳಿಗೆಯೂ ಒಬ್ಬರನ್ನೇ ಬಿಡಬಾರದು ಎಂದು ನಿಶ್ಚಯ ಮಾಡಿದ್ದೆ. ಮತ್ತೆ ಅದೇ ಸೀಟು, ಅದೇ ಡಬ್ಬಿ. ಬಚ್ಚಲಿನಿಂದ ನಾನೇ ಕೂಗಿ ಹೇಳುತ್ತಿದ್ದೆ, "ಅದೀನ್ರಿ, ಇಲ್ಲೇ ಅದೀನಿ." ಅವರು ಉಣ್ಣತೊಡಗಿದರು. ಕೆನ್ನೆ ತುಂಬಿಕೊಂಡಿತು. ನನ್ನದು ಮಾತ್ರ ಎಲ್ಲೋ ಒಳಗೆ ಕೊಳೆಯತೊಡಗಿತು. ಕಾರಣ ತಿಳಿದರೆ ಉಸಿರು ಸರಾಗವಾಗುತ್ತದೆ ಎಂದುಕೊಂಡಿದ್ದೆ. ಕಾರಣ ತಿಳಿದ ಮೇಲೆ ಸಿಟ್ಟು ಮಾಡುವ ಹಕ್ಕೂ ಹೋಯಿತು, ಅಷ್ಟೇ ಆದದ್ದು.

ಗಣೇಶ ಚೌತಿಯ ಹಿಂದಿನ ದಿನ ಸಂಗೀತಾ ನನ್ನ ಸೆರಗು ಹಿಡಿದು ಹೊಸ ರಿಬ್ಬನ್ ಬೇಕೆಂದು ಹಟ ಹಿಡಿದಳು. ಎರಡು ಸಲ ಬಿಡು ಎಂದೆ. ಮೂರನೆಯ ಸಲ ತಿರುಗಿ ಅವಳ ಕೆನ್ನೆಗೆ ಬಾರಿಸಿದೆ. ಮಗು ಗೋಡೆಗೆ ಹೋಗಿ ಬಡಿಯಿತು. ಹಲ್ಲು ತಾಗಿ ತುಟಿ ಒಡೆದು ರಕ್ತ ಬಂತು. ಅವಳು ಅಳಲಿಲ್ಲ, ಬಾಯಿಗೆ ಕೈ ಹಿಡಿದು ನನ್ನನ್ನು ನೋಡುತ್ತ ನಿಂತಳು. ಅಂಥ ನೋಟವನ್ನು ಮಗಳ ಕಣ್ಣಲ್ಲಿ ಯಾವ ತಾಯಿಯೂ ನೋಡಬಾರದು. ನಾನು ಒಲೆಯ ಮುಂದೆ ಕುಳಿತುಬಿಟ್ಟೆ. ಅವರು ಮಗಳನ್ನು ಎತ್ತಿಕೊಂಡು ತುಟಿಗೆ ಅರಿಶಿನ ಒತ್ತಿದರು. ಅವಳು ಅತ್ತು ಅತ್ತು ಮಲಗಿದ ಮೇಲೆ ನನ್ನ ಎದುರು ಬಂದು ಕುಳಿತರು.

"ನನ್ನ ಮ್ಯಾಲಿನ ಸಿಟ್ಟು ಅಕಿ ಮ್ಯಾಲ ತಗದಿ ಹೌದಲ್ಲೊ?" ಎಂದರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೌದ್ರಿ."

"ನಿನಗ ನಾ ಭಾಳ ಆಗೇನಿ."

"ನೀವು ಬ್ಯಾಡಾಗಿಲ್ರಿ. ಆದ್ರ ಮುಂಜಾನಿಂದ ಸಂಜೀತನ ಅಂದ್ರ ನನಗ ಆಗೂದಿಲ್ಲ. ನಾ ಕಣ್ಣಿಗೆ ಕಾಣಲಿಲ್ಲಂದ್ರ ನೀರಿಗಿ ಬಿದ್ದೀನಿ ಅಂತ ಅಲ್ರಿ. ನಾ ಎಲ್ಲಿ ಹ್ವಾದ್ರೂ ಹೊಳ್ಳಿ ಬರ್ತೀನಿ."

"ಅಂವನೂ ಹಿಂದ ಹೋಗಿ ಕುಂದ್ರಾಕ ಹೋಗಿದ್ದ," ಎಂದರು.

ಎರಡು ದಿನ ಬಿಟ್ಟು, ಸಂಜೆ ಬಸ್ಸು ಹಳೆ ಗೋವಾದ ಹತ್ತಿರ ಬಂದಾಗ ಅವರೇ ಹೇಳಿದರು, "ನೀ ಇಳಿ. ನಾ ಮುಂದ ಹೊಕ್ಕೀನಿ." ನಾನು ಇಳಿದೆ. ಕಟ್ಟೆಯ ಮೇಲೆ ಕುಳಿತೆ. ಚಹಾ ಕೈಯಲ್ಲೇ ಆರಿತು. ಅವರು ಮನೆಯಲ್ಲಿ ಹೇಗಿದ್ದಾರೋ ಎಂಬ ಯೋಚನೆಯಲ್ಲಿ ಫೆರಿ ಹೋದದ್ದೂ ಕಾಣಲಿಲ್ಲ, ಬಂದದ್ದೂ ಕಾಣಲಿಲ್ಲ. ಮನೆಗೆ ಬಂದರೆ ಅವರು ಕಸ್ತೂರೆವ್ವನ ಬಾಗಿಲಲ್ಲಿ ಬೆವೆತು ನಿಂತಿದ್ದರು. ನನ್ನನ್ನು ಕಂಡು ಒಳಗೆ ಹೋಗಿ ನೀರು ಕುಡಿದರು. ಹೀಗೆ ಎಷ್ಟೋ ದಿನ. ಒಂದೊಂದು ದಿನ ಆಗುತ್ತಿತ್ತು, ಒಂದೊಂದು ದಿನ ಅವರೂ ನನ್ನ ಹಿಂದೆಯೇ ಇಳಿದುಬಿಡುತ್ತಿದ್ದರು. ಬಾಂಬೊಳಿಯ ದೊಡ್ಡ ಆಸ್ಪತ್ರೆಗೂ ಕರೆದುಕೊಂಡು ಹೋದೆ. ಡಾಕ್ಟರಮ್ಮ ತಾಳ್ಮೆಯಿಂದ ಕೇಳಿ ಗುಳಿಗೆ ಬರೆದುಕೊಟ್ಟರು, ತಿಂಗಳಿಗೊಮ್ಮೆ ಬಂದು ಮಾತಾಡಲು ಹೇಳಿದರು. ಅವರು ಮೂರು ಸಲ ಹೋದರು, ನಾಲ್ಕನೆಯ ಸಲ ಹೋಗಲಿಲ್ಲ. ಮಳೆ ಕಡಿಮೆಯಾದ ಮೇಲೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಜಾಗ ಖಾಲಿಯಾಯಿತು. ಅಲ್ಲಿ ಯಾವಾಗಲೂ ಹತ್ತು ಜನ ಇರುತ್ತಾರೆ, ಪಾತ್ರೆಯ ಸಪ್ಪಳ, ಬೈದಾಟ, ನಗು. ಯಂತ್ರದ ಮುಂದೆ ಒಬ್ಬರೇ ನಿಲ್ಲುವುದಕ್ಕಿಂತ ಅದು ಅವರಿಗೆ ಒಗ್ಗಿತು. ಇವತ್ತಿಗೂ ಅಲ್ಲೇ ಇದ್ದಾರೆ.

ದೀಪಾವಳಿಗೆ ಎಂಟು ದಿನ ಇರುವಾಗ ಒಂದು ಸಂಜೆ ಅವರು ಹೇಳಿದರು, "ಸಂಗೀತಾನ್ನ ಕರಕೊಂಡು ಊರಿಗಿ ಹೋಗಿ ಬರ್ತೀನಿ. ಮೂರು ದಿನ. ನೀ ಇಲ್ಲೇ ಇರು."

"ನಾನೂ ಬರ್ತೀನಲ್ರಿ."

"ಬ್ಯಾಡ. ಇರು ಅಂದ್ನೆಲ್ಲ."

ಅಣ್ಣನ ಮನೆ ಅಂದರೆ ಅಲ್ಲಿ ಜನ ಇರುತ್ತಾರೆ, ಚಿಂತೆಯಿಲ್ಲ ಎಂದುಕೊಂಡೆ. ಅವರು ಹೋದ ದಿನ ಕಾರ್ಖಾನೆಗೆ ರಜೆ ಹಾಕಿದೆ. ಮಧ್ಯಾಹ್ನ ಮೂರು ತಾಸು ಮಲಗಿದೆ. ಎದ್ದು ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕುಳಿತೆ. ಒಲೆ ಹಚ್ಚಲಿಲ್ಲ, ಅಂಗಡಿಯಿಂದ ಪಾವು ಭಾಜಿ ತಂದು ತಿಂದೆ. ಅವರ ನೆನಪು ಕಾಡಿತು ಎಂದರೆ ಸುಳ್ಳಾಗುತ್ತದೆ. ನಾನು ಸುಖವಾಗಿದ್ದೆ. ಅಷ್ಟು ಸುಖವಾಗಿದ್ದೇನೆ ಎಂಬುದಕ್ಕೇ ಒಂದು ಹೆದರಿಕೆ ಆಗುತ್ತಿತ್ತು.

ಎರಡನೆಯ ದಿನ ಸಂಜೆ ಫೋನು ಬಂತು.

"ಹೆಂಗದಿ?" ಎಂದರು.

"ಚಲೋ ಅದೀನ್ರಿ. ನೀವು?"

"ನಾನೂ ಚಲೋ ಅದೀನಿ."

ಸಂಗೀತಾ ಫೋನು ಕಸಿದುಕೊಂಡು, ದನಿ ಇಳಿಸಿ ಹೇಳಿದಳು, "ಅವ್ವಾ, ಅಪ್ಪ ಉಣ್ಣವಲ್ಲ. ದೊಡ್ಡಪ್ಪ ಹೊಲಕ್ಕ ಹೊಂಟ್ರ ಹೊಲಕ್ಕ ಹೊಕ್ಕಾನ, ದೊಡ್ಡವ್ವ ನೀರಿಗಿ ಹೊಂಟ್ರ ನೀರಿಗಿ ಹೊಕ್ಕಾನ. ಎಲ್ಲಾರೂ ನಗಾಕತ್ತಾರ."

ಫೋನು ಇಟ್ಟ ಮೇಲೆ ಗೂಟಕ್ಕೆ ಹಾಕಿದ ಚೀಲ ತೆಗೆದು ಎರಡು ಸೀರೆ ತುಂಬಿದೆ. ಮುಂಜಾನೆಯ ಬಸ್ಸು ಹಿಡಿದರೆ ಮಧ್ಯಾಹ್ನದ ಹೊತ್ತಿಗೆ ಮುಟ್ಟಬಹುದಿತ್ತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಆಮೇಲೆ ಸೀರೆಗಳನ್ನು ತೆಗೆದು ಮಡಚಿ ಮತ್ತೆ ಟ್ರಂಕಿನಲ್ಲಿಟ್ಟೆ. ನಾನು ಹೋಗಲಿಲ್ಲ. ಅದು ತಪ್ಪೋ ಸರಿಯೋ ಇವತ್ತಿಗೂ ನನಗೆ ಗೊತ್ತಿಲ್ಲ. ಮೂರನೆಯ ದಿನವನ್ನೂ ಪೂರ್ತಿ ಒಬ್ಬಳೇ ಕಳೆದೆ.

ಸೋಮವಾರ ಬೆಳಿಗ್ಗೆ ಅವರನ್ನು ಕರೆದುಕೊಂಡು ಬರ‍ಲು ದೊಡ್ಡ ರಸ್ತೆಯ ತನಕ ಹೋದೆ. ಬಸ್ಸಿನಿಂದ ಮೊದಲು ಸಂಗೀತಾ ಜಿಗಿದಳು, ಹಿಂದೆ ಅವರು ಇಳಿದರು. ಗಡ್ಡ ಬೆಳೆದಿತ್ತು, ಕಣ್ಣುಗಳು ಕೆಂಪಾಗಿದ್ದವು. ಮೂರು ದಿನದಲ್ಲಿ ಮೂರು ವರ್ಷ ವಯಸ್ಸಾದವರ ಹಾಗೆ ಕಂಡರು. ಚೀಲಕ್ಕೆ ಕೈ ಚಾಚಿದೆ. ಕೊಡಲಿಲ್ಲ.

"ಮೂರು ದಿನ ಹೆಂಗ ಕಳದ್ರಿ?" ಎಂದು ಕೇಳಿದೆ.

"ತಾಸು ಎಣಿಸ್ಕೋತ," ಎಂದರು. "ನೀನು?"

ನಾನೂ ಎಣಿಸಿದೆ ಎಂದು ಹೇಳಿದ್ದರೆ ಆ ಮುಖದಲ್ಲಿ ಒಂದಿಷ್ಟು ಗೆಲುವು ಬರುತ್ತಿತ್ತು. ಆದರೆ ಆ ಮಳೆಗಾಲದಲ್ಲಿ ನಾವಿಬ್ಬರೂ ಒಬ್ಬರಿಂದೊಬ್ಬರು ಸಾಕಷ್ಟು ಮುಚ್ಚಿಟ್ಟಿದ್ದೆವು.

"ನಾ ಎಣಸಲಿಲ್ರಿ," ಎಂದೆ.

ಅವರು ತಲೆಯಾಡಿಸಿದರು. ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು, ಮಗಳ ಕೈ ಹಿಡಿದು ನಡೆಯತೊಡಗಿದರು.

"ಎಣಸಬ್ಯಾಡ," ಎಂದರು ಹಿಂದಿರುಗಿ ನೋಡದೆ. "ಅದಕ್ಕಽ ಹೋಗಿದ್ದೆ."